ಕಮಲಾಪುರದಲ್ಲಿ ಹೇಳಿದ ಸುಳ್ಳು

ಕಲಬುರಗಿ, 12-3-1956

ಅಕ್ಕನಿಗೆ ತಮ್ಮ ಅಮರಪ್ಪನ ಶರಣು.

ನಿನ್ನೆ ಕಮಲಾಪುರದ ಸಭೆಯಲ್ಲಿ, ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಸಿಗುವ ಕಾಯ್ದೆ ಬೇಕೆಂದು ಒಂದು ತಾಸು ಮಾತಾಡಿದೆ. ಅಲ್ಲಿ ಬಾಳೆಹಣ್ಣು ಕೆಂಪಗಿರುತ್ತದೆ. ಅದನ್ನು ಮಾರುವ ಸಾಬಮ್ಮ ಎಂಬ ಮುದುಕಿ ಬುಟ್ಟಿ ಇಳಿಸಿ ಎದ್ದು ನಿಂತು, "ವಕೀಲಸಾಬ್ರ, ನಿಮ್ಮ ಅಕ್ಕತಂಗೇರಿಗೆ ನೀವು ಪಾಲು ಕೊಟ್ಟೀರೇನ್ರಿ?" ಎಂದು ಕೇಳಿದಳು.

"ಕೊಟ್ಟೀನವ್ವ" ಎಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ಭಾವ ತೀರಿಕೊಂಡ ವರ್ಷ ನೀನು ಪಾಲು ಕೇಳಿದಾಗ, ಕಾಯ್ದೆಯಲ್ಲಿ ಇಲ್ಲವೆಂದು ನಿನ್ನ ಬಾಯಿ ಮುಚ್ಚಿಸಿದವನು ನಾನೇ. ನಾಚಿಕೆಯಿಂದ ಊಟ ಸೇರಲಿಲ್ಲ. ನನ್ನ ಕೆಮ್ಮು ಕಡಿಮೆಯಾಗಿದೆ.

ಶನಿವಾರ ಬಂದು ಅರ್ಧ ಹೊಲ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ. ನಿನಗೆ ಇದನ್ನು ಓದಿ ಹೇಳುವವರಿಗಷ್ಟೇ ಅಲ್ಲ, ದಾರಿಯಲ್ಲಿ ಕೈಗೆ ಸಿಕ್ಕ ಎಲ್ಲರಿಗೂ ನನ್ನ ಸುಳ್ಳು ತಿಳಿಯಲಿ ಎಂದೇ ಲಕೋಟೆ ಬಿಟ್ಟು ತೆರೆದ ಅಂಚೆ ಕಾರ್ಡಿನಲ್ಲಿ ಬರೆದಿದ್ದೇನೆ.

ಅವಸರದಲ್ಲಿ,
ಅಮರಪ್ಪ