ಎಡಗಾಲಿನ ಬ್ಲೇಡು

ಐಸ್ ರಿಂಕಿನ ಹಿಂದಿನ ಅಂಗಡಿ
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನೆ ನಿನ್ನ ಫೋನ್ ಬಂತು. ನಾಲ್ಕು ವರ್ಷಗಳ ಮೇಲೆ ನಿನ್ನ ದನಿ ಕೇಳಿ ಸಾಣೆ ಯಂತ್ರವನ್ನೇ ನಿಲ್ಲಿಸಿಬಿಟ್ಟೆ, ಎದುರಿಗೆ ಗಿರಾಕಿ ನಿಂತಿದ್ದರೂ. ಚೆನ್ನಾಗಿದ್ದೀಯಾ ಎಂದು ನೀನು ಕೇಳಿದ್ದು ನಿಜ, ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಕೆಲಸದ ಮಾತಿಗೆ ಬಂದಿದ್ದೆ. ಭಾನುವಾರ ನಡೆಯುವ ನಿನ್ನ ಸನ್ಮಾನಕ್ಕೆ, ನನ್ನಲ್ಲೇ ಉಳಿದ ನಿನ್ನ ಹಳೆಯ ಸ್ಕೇಟ್ಸ್ ಬೇಕಂತೆ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. "ಕೊಡೋಕೆ ಮುಂಚೆ ಒಂದ್ಸಲ ಸಾಣೆ ಹಿಡಿದುಬಿಡು, ಎಡಗಾಲಿಂದು ಎರಡೂ ಅಂಚು ಸಮ ಮಾಡು, ನೋಡೋರಿಗೆ ಚೆನ್ನಾಗಿರುತ್ತೆ" ಎಂದು ನೀನು ಹೇಳಿದಾಗ ನಾನು ಹೂಂ ಅಂದೆ. ಹುಟ್ಟಿದಾಗಿನಿಂದ ನಿನಗೆ ಹೂಂ ಅಂದೇ ರೂಢಿ.

ಆ ಹೂಂ ಅನ್ನು ಈ ಪತ್ರದಲ್ಲಿ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಸಾಣೆ ಹಿಡಿಯುವುದಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿಟ್ಟ ಸ್ಕೇಟ್ಸಿನ ಅಡಿಯನ್ನು ಯಾರಮ್ಮ ಬಗ್ಗಿ ನೋಡುತ್ತಾರೆ? ಆದರೂ ನಿನಗೆ ಅದೊಂದೇ ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಫೋನಿನಲ್ಲಿ ಇದನ್ನು ಹೇಳಲು ನನಗೆ ಬರುವುದಿಲ್ಲ. ಅಲ್ಲಿ ಮಾತು ನಿನ್ನದು, ಹೂಂ ನನ್ನದು. ಅದಕ್ಕೇ ಕಾಗದ.

ಸನ್ಮಾನ ಸಮಿತಿಯವರು ಅಚ್ಚು ಹಾಕಿಸಿರುವ ಪುಸ್ತಕವನ್ನು ನನಗೂ ಒಂದು ಕಳಿಸಿದ್ದಾರೆ. ಈ ಆಟವನ್ನು ಬದಲಿಸಿದ ಹತ್ತು ಮಂದಿ. ಕೌಂಟರಿನ ಮೇಲಿಟ್ಟುಕೊಂಡು ಗಿರಾಕಿ ಇಲ್ಲದಾಗ ಓದಿದೆ. ಒಬ್ಬಾಕೆ ಲಂಗ ಗಿಡ್ಡ ಮಾಡಿದಳಂತೆ, ಮರುವರ್ಷ ಎಲ್ಲರ ಲಂಗವೂ ಗಿಡ್ಡ. ಇನ್ನೊಬ್ಬಾಕೆ ನೃತ್ಯ ಕಲಿತು ಬಂದು ಕೈ ಬೀಸಿದಳಂತೆ, ಅಲ್ಲಿಯವರೆಗೆ ಕೈಯನ್ನು ಸೊಂಟಕ್ಕೆ ಅಂಟಿಸಿಕೊಂಡವರೆಲ್ಲ ಬೀಸತೊಡಗಿದರು. ಗಾಳಿಯಲ್ಲಿ ಒಂದು ಸುತ್ತು ಹೆಚ್ಚು ಸುತ್ತಿದವನೊಬ್ಬ. ಅವನಿಂದಾಗಿ ಎಷ್ಟು ಹುಡುಗರ ಪಾದ ಮುರಿಯಿತೋ, ಅದನ್ನು ಪುಸ್ತಕದಲ್ಲಿ ಬರೆದಿಲ್ಲ. ಏಳನೆಯವಳು ನೀನು. ಮುಖಪುಟದಲ್ಲಿ ನಿನ್ನದೇ ಚಿತ್ರ. ಒಂಟಿ ಎಡಗಾಲ ಮೇಲೆ ಅರ್ಧ ರಿಂಕು ಸುತ್ತುತ್ತ, ಕಡಿದ ಮರ ಬೀಳುವ ಹಾಗೆ ಪಕ್ಕಕ್ಕೆ ಬಾಗಿ, ಬೀಳದೆ ನಿಂತಿದ್ದೀಯ. ಎಲ್ಲರೂ ಹೆಸರಿಟ್ಟು ಕರೆಯುವ ನಿನ್ನ ವಾಲು. ಅದು ನಿನಗೆ ಹೇಗೆ ಹೊಳೆಯಿತು ಎಂದು ಅವರು ಕೇಳಿದ್ದಾರೆ, ಸಂಗೀತ ಕೇಳುತ್ತ ಕೇಳುತ್ತ ಮೈ ತಾನಾಗಿ ಬಾಗಿತು ಎಂದು ನೀನು ಹೇಳಿದ್ದೀಯ. ಅದನ್ನು ಓದಿ ನಾನು ಜೋರಾಗಿ ನಕ್ಕೆ, ಬೂಟಿನ ಲೇಸು ಕೊಳ್ಳಲು ಬಂದಾಕೆ ಹೆದರಿ ಹಿಂದೆ ಸರಿದಳು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಮರೆತೆ ಎಂದು ನೀನು ನಾಳೆ ಹೇಳಬಾರದು. ಸ್ಕೇಟ್ಸಿನ ಬ್ಲೇಡಿಗೆ ಎರಡು ಅಂಚು, ನಡುವೆ ಸಣ್ಣ ಕಾಲುವೆ. ಸಾಣೆ ಹಿಡಿದ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಇಟ್ಟು ನೋಡಬೇಕು. ಪಟ್ಟಿ ನೆಟ್ಟಗೆ ಕೂತರೆ ಸರಿ, ಓರೆಯಾದರೆ ಮತ್ತೆ ಉಜ್ಜಬೇಕು. ಹೊರಗಿನ ಅಂಚು ಕೂದಲೆಳೆಯಷ್ಟು ತಗ್ಗಿದರೂ ಕಾಲನ್ನು ಹೊರಕ್ಕೆ ಎಳೆಯುತ್ತದೆ. ಅಮ್ಮ ನನಗೆ ಕಲಿಸಿದ ಮೊದಲ ಪಾಠ ಇದು. ನನಗೆ ಹದಿನೈದಾದಾಗ, ರಿಂಕಿನಲ್ಲಿ ಎಲ್ಲ ಮಕ್ಕಳೂ ಇದ್ದಾಗಲೇ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, "ನಿಂಗೆ ಕಾಲಿಲ್ಲ ಕಣೇ, ಕೈಯಿದೆ. ಅಕ್ಕನ ಬ್ಲೇಡು ನೋಡ್ಕೊಂಡಿರು" ಅಂದಿದ್ದಳು. ನೀನು ಆಗ ಸುತ್ತು ಹಾಕುತ್ತಿದ್ದೆ, ಕೇಳಿಸಿತೋ ಇಲ್ಲವೋ. ಆ ದಿನದಿಂದ ನನ್ನ ಸ್ಕೇಟ್ಸ್ ಅಟ್ಟ ಸೇರಿತು, ನಿನ್ನದು ನನ್ನ ಕೈ ಸೇರಿತು.

ನಿನ್ನ ದೊಡ್ಡ ಸ್ಪರ್ಧೆಗೆ ಮುಂಚಿನ ದಿನ ಸಾಣೆಕಲ್ಲಿನ ತಿರುಪು ಸಡಿಲಾಗಿ ಕಲ್ಲು ಓರೆಯಾಯಿತು, ಎಡಗಾಲಿನ ಬ್ಲೇಡಿನ ಹೊರ ಅಂಚು ತಗ್ಗಿತು. ಅವಸರದಲ್ಲಿ ಪಟ್ಟಿ ಇಟ್ಟು ನೋಡಲಿಲ್ಲ. ಮರುದಿನ ನೀನು ಎಡಗಾಲ ಮೇಲೆ ಜಾರಿದ್ದೇ ತಡ, ಬ್ಲೇಡು ನಿನ್ನನ್ನು ಪಕ್ಕಕ್ಕೆ ಎಳೆಯಿತು. ಅಮ್ಮ ನನ್ನ ಮೊಣಕೈ ಹಿಡಿದದ್ದು ನೆನಪಿದೆ, ಅವಳ ಉಗುರು ಚರ್ಮಕ್ಕೆ ನಾಟಿತ್ತು. ನೀನು ಬಾಗಿದೆ, ಇನ್ನೂ ಬಾಗಿದೆ, ಆಮೇಲೆ ಇಡೀ ಸಭಾಂಗಣ ಎದ್ದು ನಿಂತಿತು. ಒಂದು ವಾರ ಬಿಟ್ಟು ನೀನು ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿ, ಬ್ಲೇಡಿನ ಮೇಲೆ ನೀನೇ ಪಟ್ಟಿ ಇಟ್ಟೆ. ನಾನು ಕೈ ಮುಗಿಯುವುದೊಂದು ಬಾಕಿ. ನೀನು ಬೈಯಲಿಲ್ಲ. "ಹಾಗೇ ಇರ್ಲಿ. ಅಮ್ಮಂಗೆ ಹೇಳ್ಬೇಡ" ಅಂದೆ.

ಹಾಗೇ ಇಟ್ಟೆ. ಒಂಬತ್ತು ವರ್ಷ, ಮೂರು ವಾರಕ್ಕೊಮ್ಮೆ, ಅದೇ ಓರೆ, ಅದೇ ಕೂದಲೆಳೆ. ಅಮ್ಮ ಸಾಯುವವರೆಗೂ ಅದು ನಿನ್ನ ಮೈಯ ಸೊಗಸೆಂದೇ ನಂಬಿದ್ದಳು. ನನಗೂ ಒಳಗೊಳಗೆ ಹೆಮ್ಮೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಚಪ್ಪಾಳೆ ನಿನಗೆ, ಆದರೆ ಅರ್ಧ ನನ್ನದು ಎಂದು ಲೆಕ್ಕ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ.

ಆಮೇಲೆ ಶುರುವಾಯಿತು ನೋಡು, ಪುಸ್ತಕದವರು ಪ್ರಭಾವ ಎಂದು ಕರೆಯುವ ರೋಗ. ಎಲ್ಲ ಕೋಚ್‌ಗಳಿಗೂ ವಾಲು ಬೇಕು, ತೀರ್ಪುಗಾರರು ಅದಕ್ಕೇ ಅಂಕ ಕೊಡುತ್ತಾರೆ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಎಂಬ ಗಾದೆ ಇದೆಯಲ್ಲ, ಇಲ್ಲಿ ಹುಲಿಯ ಪಟ್ಟೆಯೂ ಬಣ್ಣದ್ದೇ, ಬಳಿದವಳು ನಾನು. ಸಮ ಅಂಚಿನ ಬ್ಲೇಡಿನ ಮೇಲೆ ಅಷ್ಟು ಬಾಗಬೇಕಾದರೆ ಮಗು ಸೊಂಟವನ್ನೇ ತಿರುಚಬೇಕು. ಬಾಗದಿದ್ದರೆ ಕೋಚ್ ಬೈಯುತ್ತಾನೆ, ನಿನ್ನ ಚಿತ್ರ ತೋರಿಸಿ ಬೈಯುತ್ತಾನೆ. ನನ್ನ ಅಂಗಡಿಯ ಗೋಡೆಯ ಮೊಳೆಗಳಲ್ಲಿ ಏಳು ಜೊತೆ ಪುಟ್ಟ ಸ್ಕೇಟ್ಸ್ ತೂಗುತ್ತಿವೆ. ಸಾಣೆಗೆ ಕೊಟ್ಟು ಹೋದವರು ಮತ್ತೆ ಒಯ್ಯಲು ಬಂದಿಲ್ಲ. ವಿಚಾರಿಸಿದರೆ ಎಲ್ಲರ ಮನೆಯಿಂದಲೂ ಒಂದೇ ಉತ್ತರ, ಸೊಂಟ.

ಅದನ್ನೆಲ್ಲ ನೋಡಿಯೂ ನಾನು ಬಾಯಿ ಬಿಡಲಿಲ್ಲ. ಪರರ ಮಕ್ಕಳು. ಈಗ ನನ್ನ ಮನೆಗೇ ಬಂದಿದೆ.

ಮಗಳು ಮಿಡತೆಗೆ ಈಗ ಹದಿಮೂರು. ನೀನು ನೋಡಿದಾಗ ಮಂಚದಿಂದ ಮಂಚಕ್ಕೆ ಹಾರುತ್ತಿದ್ದಳು, ಆ ಹೆಸರಿಟ್ಟವಳೂ ನೀನೇ. ಮೂರು ತಿಂಗಳಿಂದ ಮೆಟ್ಟಿಲು ಹತ್ತುವಾಗ ಎಡಗಾಲನ್ನು ಕೈಯಿಂದ ಎತ್ತಿ ಇಡುತ್ತಾಳೆ, ನಾನು ನೋಡಿದರೆ ಲೇಸು ಸರಿಮಾಡುವವಳ ಹಾಗೆ ಬಗ್ಗುತ್ತಾಳೆ. ಡಾಕ್ಟರು ಚಿತ್ರ ತೆಗೆಸಿ ತೋರಿಸಿದರು. ಸೊಂಟದ ಕೀಲಿನೊಳಗಿನ ಮೆತ್ತೆ ಹರಿದಿದೆ. ಆರು ತಿಂಗಳು ಐಸಿನ ಮೇಲೆ ಕಾಲಿಡಬಾರದು, ಇನ್ನೊಮ್ಮೆ ಹರಿದರೆ ಜನ್ಮಪೂರ್ತಿ ಕುಂಟು. ಅದು ಇವಳ ಕಿವಿಗೇ ಬೀಳಲಿಲ್ಲ. ಭಾನುವಾರ ನಿನ್ನ ಮುಂದೆ ನಲವತ್ತು ಹುಡುಗಿಯರು ಒಟ್ಟಿಗೆ ವಾಲಿ ನಮಸ್ಕಾರ ಮಾಡುತ್ತಾರಂತೆ. ಮುಂದಿನ ಸಾಲಿನಲ್ಲಿ, ನಡುವೆ, ದೊಡ್ಡಮ್ಮನಿಗೆ ಕಾಣುವ ಹಾಗೆ ನಿಲ್ಲುವವಳು ಇವಳು.

ಕಳೆದ ಶನಿವಾರ ಅವಳನ್ನು ಅಂಗಡಿಗೆ ಕರೆತಂದು ಎಲ್ಲ ಹೇಳಿದೆ. ನಿನ್ನ ಹಳೆಯ ಸ್ಕೇಟ್ಸ್ ತೆಗೆದು, ಪಟ್ಟಿ ಇಟ್ಟು, ಓರೆ ತೋರಿಸಿದೆ. ಅವಳು ಒಂದು ಗಳಿಗೆ ನೋಡಿದಳು. "ಇದನ್ನ ನೀನೇ ಈಗ ಉಜ್ಜಿರ್ತೀಯ. ನಿಂಗೆ ದೊಡ್ಡಮ್ಮನ ಮೇಲೆ ಹೊಟ್ಟೆಕಿಚ್ಚು, ಅಜ್ಜಿನೂ ಹಾಗೇ ಹೇಳ್ತಿದ್ಲು" ಎಂದಳು. ಅವಳ ಸ್ಕೇಟ್ಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದು, ಹಾಕಿದ್ದೇನೆ ಕೂಡ. ಗೆಳತಿಯ ಸ್ಕೇಟ್ಸ್ ತಂದುಕೊಂಡಿದ್ದಾಳೆ. ಈ ಭಾನುವಾರ ಕಟ್ಟಿಹಾಕಿದರೂ ಮುಂದಿನ ಭಾನುವಾರ ಇದೆಯಲ್ಲ. ನಿನ್ನ ಬಾಯಿಂದ ಕೇಳಿದರೆ ಮಾತ್ರ ಅವಳು ನಂಬುತ್ತಾಳೆ.

ಅದಕ್ಕೇ ಅಕ್ಕ, ಕೇಳಿಕೊಳ್ಳುತ್ತಿದ್ದೇನೆ. ಸಭೆಗೆ ನಿಜ ಹೇಳು ಎಂಬುದು ನನ್ನ ಆಸೆ, ಆ ಏಳು ಮೊಳೆಗಳಿಗಾಗಿ. ಅಷ್ಟು ಧೈರ್ಯ ಆಗದಿದ್ದರೆ ಶನಿವಾರದೊಳಗೆ ಮನೆಗೆ ಬಂದು ಮಿಡತೆಗೊಬ್ಬಳಿಗೆ ಹೇಳು. ಬಾಗಿಸಿದ್ದು ಬ್ಲೇಡು, ನನ್ನ ಮೈಯಲ್ಲ ಅನ್ನು. ಹತ್ತು ಮಂದಿಯ ಪುಸ್ತಕ ಒಂಬತ್ತು ಮಂದಿಯದಾದರೆ ಆಕಾಶ ಕಳಚಿ ಬೀಳುವುದಿಲ್ಲ. ನೀನು ಹೇಳದೆ ಹೋದರೆ, ಭಾನುವಾರ ನಾನೇ ಅಳತೆಪಟ್ಟಿ ಹಿಡಿದು ಆ ಗಾಜಿನ ಪೆಟ್ಟಿಗೆಯ ಪಕ್ಕ ನಿಲ್ಲುತ್ತೇನೆ. ಹೊಟ್ಟೆಕಿಚ್ಚಿನ ತಂಗಿ ಎಂದು ಜನ ನಗುತ್ತಾರೆ, ಗೊತ್ತು. ನಗಲಿ.

ಸ್ಕೇಟ್ಸನ್ನು ಸಾಣೆ ಹಿಡಿಯದೆ, ಧೂಳು ಮಾತ್ರ ಒರೆಸಿ, ಈ ಪತ್ರದ ಜೊತೆ ನಿನಗೇ ಕಳಿಸುತ್ತಿದ್ದೇನೆ. ಸಮಿತಿಗೆ ನೀನೇ ಕೊಡು. ಬೇರೆಯವರ ಹತ್ತಿರ ಉಜ್ಜಿಸಿ ಸಮ ಮಾಡಿಸಿಕೊಳ್ಳಲೂ ಬಹುದು, ಊರಲ್ಲಿ ಸಾಣೆಯವರಿಗೆ ಬರವಿಲ್ಲ. ಹಾಗೆ ಮಾಡಿದೆಯೋ ಇಲ್ಲವೋ ಎಂದು ನನಗೆ ಪೆಟ್ಟಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಇಷ್ಟು ವರ್ಷ ನಿನ್ನ ಕಾಲ ಕೆಳಗೇ ಇದ್ದ,
ನಿನ್ನ ತಂಗಿ
ಗುಂಡು

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಇಪ್ಪತ್ತೇಳು ವರ್ಷದಿಂದ ಹೇಳುತ್ತ ಬಂದ ಸುಳ್ಳೇ ಆದ್ದರಿಂದ ಕೈ ತಾನಾಗಿ ಬರೆಯಿತು. ಸಾಣೆಕಲ್ಲಿನ ತಿರುಪು ಸಡಿಲಾಗಿರಲಿಲ್ಲ. ನಾನೇ ಸಡಿಲಿಸಿದೆ. ಪಟ್ಟಿಯನ್ನೂ ಇಟ್ಟು ನೋಡಿದೆ, ಓರೆ ಸಾಕೋ ಇಲ್ಲವೋ ಎಂದು. ಅಮ್ಮನ ಕಣ್ಣೆದುರು ನೀನು ಒಂದೇ ಒಂದು ಸಲ ಬೀಳಬೇಕಿತ್ತು, ಅಷ್ಟೇ ನನಗೆ ಬೇಕಾಗಿದ್ದದ್ದು. ನೀನು ಬೀಳಲಿಲ್ಲ. ಬೀಳದೆ ನಿಂತದ್ದು ನಿನ್ನ ಕಾಲೇ, ಅದನ್ನು ನಿನ್ನಿಂದ ನಾನೂ ಕಿತ್ತುಕೊಳ್ಳಲಾರೆ. ಮಿಡತೆಗೆ ಹೇಳುವಾಗ ಇದನ್ನೂ ಸೇರಿಸಿ ಹೇಳು, ನನಗೆ ಹೊಟ್ಟೆಕಿಚ್ಚು ಎಂದು ಅವಳು ಅಂದದ್ದು ಸರಿ ಅನ್ನು. ಜೀವನಪೂರ್ತಿ ನನ್ನ ಮೇಲೆ ಸಿಟ್ಟು ಮಾಡಿಕೊಂಡಿರಲಿ. ಎರಡು ಕಾಲ ಮೇಲೆ ನೆಟ್ಟಗೆ ನಿಂತು ಮಾಡಿಕೊಳ್ಳಲಿ.