ಲಖನೌಗೆ ಎರಡು ದಿನ

ನವೆಂಬರ್ 6, ಬೆಳಿಗ್ಗೆ 7.30

ಇನ್‌ಸ್ಟಿಟ್ಯೂಟಿನ ಟೆರೇಸ್ ಹತ್ತಿ ಗಾಳಿಯ ಧೂಳು ಹಿಡಿಯುವ ಫಿಲ್ಟರ್ ಬದಲಿಸಿದೆ. ನಿನ್ನೆ ಬೆಳ್ಳಗಿದ್ದದ್ದು ಇಂದು ಮಸಿಬಟ್ಟೆಯ ಬಣ್ಣ. ಗಾಳಿ ವಾಯವ್ಯದಿಂದ — ಪಂಜಾಬಿನ ಗದ್ದೆಗಳಲ್ಲಿ ಮೊನ್ನೆ ಸುಟ್ಟ ಹುಲ್ಲು ಈಗ ದೆಹಲಿಯಲ್ಲಿ, ನಮ್ಮ ತಲೆಯ ಮೇಲೆ. ಇನ್ನೆರಡು ದಿನಕ್ಕೆ ಲಖನೌ ತಲುಪುತ್ತದೆ.

ನನ್ನ ಗಂಡ ಮುರಳಿಗೆ ಅಲ್ಲಿಗೆ ವರ್ಗವಾಗಿ ಐದು ವಾರ. ತನ್ವಿಯನ್ನೂ ಕರೆದುಕೊಂಡು ಹೋದ. ಏಳು ವರ್ಷದ ಮಗು, ಆಸ್ತಮಾ. ದೆಹಲಿಗಿಂತ ವಾಸಿ ಎಂದು ನಾನೇ ಹೇಳಿದ್ದು. ಗಾಳಿಯ ದಾರಿ ಲೆಕ್ಕ ಹಾಕುವುದೇ ಕಸುಬು ನನ್ನದು, ಮಗಳನ್ನು ಗಾಳಿ ಹೋಗುವ ದಿಕ್ಕಿಗೇ ಕಳಿಸಿದೆ. ನಗು ಬರಬೇಕು. ಬರಲಿಲ್ಲ.

ನವೆಂಬರ್ 8

ತನ್ವಿಯ ಫೋನ್.

"ಅಮ್ಮಾ, ಕಲ್ ಕಾ ಬತಾವೋ. ನಾಳೆ ಹೊರಗೆ ಆಡ್ಬಹುದಾ?"

"ಬೇಡ ಕಂದಾ. ನಿನ್ನೆ ಇಲ್ಲಿದ್ದ ಹೊಗೆ ನಾಳೆ ನಿಮ್ಮಲ್ಲಿಗೆ ಬರುತ್ತೆ."

"ಅಚ್ಛಾ." ಫೋನ್ ಅಪ್ಪನ ಕೈಗೆ.

ದಿನಾ ಇಷ್ಟೇ ಮಾತು. ಊಟ ಆಯಿತೇ ಎಂದು ಕೇಳುವ ಮೊದಲೇ ಮುಗಿಯುತ್ತದೆ. ಆದರೂ ಇಡೀ ದಿನ ಅದಕ್ಕೇ ಕಾಯುತ್ತೇನೆ. ವಸಂತ್ ಕುಂಜ್‌ನ ಈ ಫ್ಲಾಟಿನಲ್ಲಿ ಏರ್ ಪ್ಯೂರಿಫೈಯರ್‌ನದೊಂದೇ ಸದ್ದು. ಒಂಟಿ ಅನಿಸುತ್ತದೆ. ತುಂಬಾ.

ನವೆಂಬರ್ 19

ನಾಡಿದ್ದು ಸ್ಕೂಲಿನಲ್ಲಿ ಓಟದ ಪಂದ್ಯವಂತೆ. ಕಳಿಸಬಹುದೇ ಎಂದು ಮುರಳಿ ಕೇಳಿದ. ಕಂಪ್ಯೂಟರಿನಲ್ಲಿ ಗಾಳಿಯ ಮಾಡೆಲ್ ಓಡಿಸಿ ನೋಡಿದೆ. ಗಾಳಿ ಬೆಟ್ಟಗಳ ಕಡೆಯಿಂದ. ಸ್ವಚ್ಛ. "ಕಳಿಸು" ಎಂದೆ. ಫೋನಿನಲ್ಲಿ ಅವನ ಹಿಂದೆ ತನ್ವಿ ಕುಣಿದದ್ದು ಕೇಳಿಸಿತು.

ನವೆಂಬರ್ 22

ನಿನ್ನೆ ಬರೆಯಲಾಗಲಿಲ್ಲ. ತನ್ವಿ ಆಸ್ಪತ್ರೆಯಲ್ಲಿ. ಅರ್ಧ ಓಟದಲ್ಲೇ ಉಸಿರು ಕಟ್ಟಿತಂತೆ. ನೆಬುಲೈಜರ್, ಆಕ್ಸಿಜನ್... ಈಗ ಪರವಾಗಿಲ್ಲ.

ಲೆಕ್ಕ ಮತ್ತೆ ನೋಡಿದೆ. ಐನೂರು ಮೀಟರ್ ಎತ್ತರದ ಗಾಳಿಯನ್ನು ಲೆಕ್ಕಕ್ಕೆ ಹಿಡಿದಿದ್ದೆ — ಸಂಶೋಧನಾ ಪೇಪರ್ ಬರೆಯುವಾಗ ಹಿಡಿಯುವಂತೆ, ಕೈ ಅಭ್ಯಾಸ. ಈ ಚಳಿಯಲ್ಲಿ ಹೊಗೆ ಅಷ್ಟು ಮೇಲೇರುವುದೇ ಇಲ್ಲ. ಮುಚ್ಚಿದ ಪಾತ್ರೆಯ ಹಬೆಯಂತೆ ಕೆಳಗೇ ಉಳಿಯುತ್ತದೆ, ನಿಧಾನವಾಗಿ ತೆವಳುತ್ತದೆ. ಮೇಲಿನ ಗಾಳಿ ಶುದ್ಧವಾಗಿತ್ತು, ನಿಜ. ಅಷ್ಟು ಮೇಲೆ ನನ್ನ ಮಗಳು ಇರಲಿಲ್ಲ. ವಿದ್ಯಾರ್ಥಿಗಳು ಹೀಗೆ ಮಾಡಿದರೆ ಬೈಯುತ್ತೇನೆ.

ಮುರಳಿ ಬೈಯಲಿಲ್ಲ. "ಇನ್ಮೇಲೆ ಗಾಳಿ ವಿಷಯ ಹೇಳ್ಬೇಡ ಧಾರಿಣಿ. ಇಲ್ಲಿ ಡಾಕ್ಟರ್ ಇದ್ದಾರೆ, ಕೇಳ್ಕೋತೀನಿ." ಬೈದಿದ್ದರೆ ಚೆನ್ನಾಗಿತ್ತು.

ಬರ್ತೀನಿ ಎಂದೆ. "ಸ್ಯಾಂಪ್ಲಿಂಗ್ ಬಿಟ್ಟು ಹೇಗೆ ಬರ್ತೀಯ, ಬಿಡು" ಎಂದ. ಹಿಂದೆ ಅವನು ಕರೆದಾಗ ಎರಡು ಸಲ ನಾನು ಕೊಟ್ಟ ನೆವ ಅದೇ.

ನವೆಂಬರ್ 29

ಫೋನ್ ಇಲ್ಲ. ಮುರಳಿಯ ಮೆಸೇಜ್ ಮಾತ್ರ — ಡಿಸ್ಚಾರ್ಜ್ ಆಯ್ತು, ಸೋಮವಾರದಿಂದ ಸ್ಕೂಲು. ನಾನೇ ಮಾಡಬಹುದು. ಮಾಡಿ ಏನು ಹೇಳಲಿ? ಗಾಳಿಯ ಸಮಾಚಾರ ಬಿಟ್ಟು ಮಗಳೊಂದಿಗೆ ಬೇರೆ ಮಾತೇ ಇಟ್ಟುಕೊಳ್ಳಲಿಲ್ಲ. ನಾಚಿಕೆಯಾಗುತ್ತದೆ.

ಡಿಸೆಂಬರ್ 2, ಸಂಜೆ

ತನ್ವಿಯೇ ಮಾಡಿದಳು. ಅಪ್ಪನ ಫೋನಿನಿಂದ, ಪಿಸುಮಾತಿನಲ್ಲಿ.

"ಅಮ್ಮಾ, ನಾಳೆ ಹೇಗಿರುತ್ತೆ?"

ಎದುರಿಗೆ ಗಾಳಿಯ ನಕ್ಷೆ ತೆರೆದೇ ಇತ್ತು. ನೋಡಲಿಲ್ಲ.

"ಗೊತ್ತಿಲ್ಲ ಕಂದಾ."

"ತೋ ಫಿರ್... ಹಾಗಾದ್ರೆ ನೀನೇ ಬಂದು ನೋಡು."

ಡಿಸೆಂಬರ್ 3, ಬೆಳಿಗ್ಗೆ 7.10

ರೈಲಿನಲ್ಲಿ. ಘಾಜಿಯಾಬಾದ್ ದಾಟಿ ನಿಂತುಬಿಟ್ಟಿದೆ, ಮಂಜು. ಪಕ್ಕದ ಹಳಿ ಕೂಡ ಕಾಣದು. ಸಹೋದ್ಯೋಗಿ ಚಂದ್ರಕಾಂತ ಒಂದು ವಾರ ನನ್ನ ಕೆಲಸ ನೋಡಿಕೊಳ್ಳಲು ಒಪ್ಪಿದ. ಕೇಳಿದ್ದೇ ಮೊದಲ ಸಲ, ತಕ್ಷಣ ಒಪ್ಪಿದ.

ಹೊರಟ ಮೇಲೆಯೇ ಮುರಳಿಗೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು. ಟೈಪಿಂಗ್... ನಿಂತಿತು. ಮತ್ತೆ ಟೈಪಿಂಗ್.

ಬಂತು. "ಸ್ಟೇಷನ್ನಿಗೆ ಬರ್ತೀನಿ ಅಂತ ಹಟ ಮಾಡ್ತಿದಾಳೆ. ಇಲ್ಲೂ ಹೊಗೆ ಇದೆ. ಕರ್ಕೊಂಡು ಬರ್ಲಾ? ನೀನೇ ಹೇಳು."

ಬೇಡ ಎಂದು ಟೈಪ್ ಮಾಡಿದೆ. ಅಳಿಸಿದೆ. ಮಾಸ್ಕ್ ಹಾಕಿಸಿ, ಇನ್ಹೇಲರ್ ಜೇಬಿನಲ್ಲಿಟ್ಟು, ಓಡಲು ಬಿಡದೆ, ಎತ್ತಿಕೊಂಡೇ ಬಾ ಎಂದು ಬರೆದು ಕಳಿಸಿದೆ.