ಹದಿನೆಂಟನೇ ಕಿಲೋಮೀಟರಿನ ಆಚೆಗೂ ರಸ್ತೆ ಇದೆ

ಜಿಲ್ಲಾ ರಸ್ತೆ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಇಂದು ಮಂಗಳವಾರ. ನನ್ನ ಹೆಂಡತಿ ಸಾವೇತಾ ಬೆಳಿಗ್ಗೆ ಎಂಟಕ್ಕೆ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗಿರಬೇಕಿತ್ತು. ಮಲಗಿಲ್ಲ. ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಬೀನ್ಸ್ ಆರಿಸುತ್ತಿದ್ದಾಳೆ. ಕಿಡ್ನಿ ಕೆಟ್ಟ ತಾನು ಬಾಯಿಗಿಡಬಾರದ ಬೀನ್ಸ್ ಕಾಳು. ಎರಡೂವರೆ ವರ್ಷಗಳಿಂದ ಮಂಗಳವಾರ, ಗುರುವಾರ, ಶನಿವಾರ ತಪ್ಪದೆ ಮುನ್ನೂರ ಎಂಬತ್ತೆಂಟು ಸಲ ಅವಳನ್ನು ನನ್ನ ವ್ಯಾನಿನಲ್ಲಿ ಕರೆದೊಯ್ದಿದ್ದೇನೆ. ಮುನ್ನೂರ ಎಂಬತ್ತೊಂಬತ್ತನೆಯದು ತಪ್ಪಿತು. ತಪ್ಪಿಸಿದ್ದು ಅವಳ ಕಾಯಿಲೆಯಲ್ಲ, ತಮ್ಮ ರಸ್ತೆ. ಈ ಪತ್ರ ನಾಳೆ ಪತ್ರಿಕೆಯಲ್ಲಿ ಬರುತ್ತದೆ. ನಾಡಿದ್ದು ಗುರುವಾರ. ತಮಗಿರುವ ಕಾಲಾವಕಾಶ ಅಷ್ಟೇ. ಅವಳಿಗಿರುವುದೂ ಹೆಚ್ಚುಕಡಿಮೆ ಅಷ್ಟೇ.

ತಾವು ನಮ್ಮ ಬ್ರಾದೋಯಾಗೆ ಬಂದವರಲ್ಲ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ. ಬಂದಿದ್ದರೆ ಊರಿಗೆಲ್ಲ ಗೊತ್ತಿರುತ್ತಿತ್ತು, ಏಕೆಂದರೆ ತಮ್ಮ ಕಾರನ್ನು ನಾವೇ ಹಳ್ಳದಿಂದ ಎತ್ತಿರುತ್ತಿದ್ದೆವು. ಪಟ್ಟಣದಿಂದ ನಮ್ಮೂರಿಗೆ ಇಪ್ಪತ್ತೇಳು ಕಿಲೋಮೀಟರು. ತಮ್ಮ ಹಿಮ ಬಾಚುವ ಲಾರಿ ಹದಿನೆಂಟನೇ ಕಿಲೋಮೀಟರಿನವರೆಗೆ ಬರುತ್ತದೆ, ಅಲ್ಲಿನ ಹೋಟೆಲಿನ ಮುಂದೆ ತಿರುಗುತ್ತದೆ, ಹೋಗುತ್ತದೆ. ತಿರುಗುವಾಗ ಅಲಗಿನ ಮುಂದಿದ್ದ ಹಿಮವನ್ನೆಲ್ಲ ನಮ್ಮ ದಿಕ್ಕಿಗೆ ಗುಡ್ಡೆ ಹಾಕಿ ಹೋಗುತ್ತದೆ, ನಮ್ಮಲ್ಲಿ ಹಿಮಕ್ಕೆ ಬರಗಾಲ ಬಂದಿದೆ ಎಂಬಂತೆ. ಹೋಟೆಲಿನ ಹಿಂದಿನ ಇಳಿಜಾರಿನಲ್ಲಿ ವಾರಾಂತ್ಯಕ್ಕೆ ಜನ ಬಂದು ಸ್ಕೀ ಆಡುತ್ತಾರೆ. ನ್ಯಾಯವೇ. ಜಾರಲೆಂದು ದುಡ್ಡು ಕೊಟ್ಟು ಬರುವವರಿಗೆ ರಸ್ತೆ ಜಾರಬಾರದು. ನಾವು ಪುಕ್ಕಟೆ ಜಾರುವವರು.

ಲಾರಿಯ ಚಾಲಕ ನಿಕೋಡಿಮ್‌ನನ್ನು ಡಿಸೆಂಬರಿನಲ್ಲಿ ಅಲ್ಲಿಯೇ ಹಿಡಿದು ಕೇಳಿದೆ.

"ಇನ್ನೊಂದು ಒಂಬತ್ತು ಕಿಲೋಮೀಟರ್ ಬಂದುಬಿಡೋ ಮಾರಾಯ. ಬಿಸಿ ಸೂಪು ಕೊಡಿಸ್ತೀನಿ."

"ನನಗೇನು ಆಸೆ ಇಲ್ವಾ ಅಣ್ಣ? ನೋಡಿಲ್ಲಿ, ಈ ಪೆಟ್ಟಿಗೆ." ಸ್ಟೀರಿಂಗ್ ಪಕ್ಕದಲ್ಲಿ ಹಸಿರು ದೀಪ ಮಿನುಗುತ್ತಿದ್ದ ಪುಟ್ಟ ಡಬ್ಬಿ ತೋರಿಸಿದ. "ಹದಿನೆಂಟು ದಾಟಿದ್ರೆ ಆಫೀಸಲ್ಲಿ ಬಡ್ಕೊಳ್ಳತ್ತೆ. ಹೋದ ವರ್ಷ ದಾಟಿದ್ದೆ. ಡೀಸೆಲ್ ಕದ್ದೆ ಅಂತ ವಿಚಾರಣೆ ಮಾಡಿದ್ರು."

"ಅಲ್ಲಪ್ಪ, ಆಚೆಗೂ ಜನ ಇದಾರೆ ಅಂತ ಆ ಪೆಟ್ಟಿಗೆಗೆ ಗೊತ್ತಿಲ್ವಾ?"

"ಪೆಟ್ಟಿಗೆಗೆ ಗೊತ್ತಣ್ಣ. ಪೆಟ್ಟಿಗೆ ನೋಡೋರಿಗೆ ಗೊತ್ತಿಲ್ಲ."

ತಮ್ಮ ಕಚೇರಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತನಾಡಿದಳು.

"ನಮ್ಮ ಪಟ್ಟಿಯಲ್ಲಿ ನಿಮ್ಮ ರಸ್ತೆ ಸಂಚಾರಕ್ಕೆ ಯೋಗ್ಯ ಅಂತಿದೆ, ಸರ್."

"ಹಾಗಾದ್ರೆ ಪಟ್ಟಿ ಮೇಲೇ ವ್ಯಾನ್ ಓಡಿಸ್ತೀನಿ, ಕಳಿಸಮ್ಮ."

"ಆಂಬುಲೆನ್ಸ್ ಕರೀಬಹುದಲ್ವಾ, ಸರ್?"

ಕರೆದಿದ್ದೇವೆ. ಆಂಬುಲೆನ್ಸ್ ಹದಿನೆಂಟನೇ ಕಿಲೋಮೀಟರಿಗೆ ಬಂದು ನಿಂತು, ರೋಗಿಯನ್ನು ಇಲ್ಲಿಗೆ ತನ್ನಿ ಎನ್ನುತ್ತದೆ. ಪಟ್ಟಣಕ್ಕೇ ಬಂದು ಇರಬಾರದೇ ಎಂದೂ ಅವಳು ಕೇಳಿದಳು. ಬರಬಹುದು. ಮೂವತ್ತು ವರ್ಷಗಳ ಹಿಂದೆ ಬೆನ್ನಿನ ಮೇಲೆ ಸಕ್ಕರೆ ಮೂಟೆ ಹೊತ್ತು ಆರಂಭಿಸಿದ ನನ್ನ ಅಂಗಡಿ ಊರಿಗೆ ಇರುವುದೊಂದೇ. ಅದನ್ನು ಮುಚ್ಚಿದರೆ ನೂರ ಹನ್ನೆರಡು ಜನ ಬ್ರೆಡ್ಡಿಗೆ ಇದೇ ರಸ್ತೆಯಲ್ಲಿ ಇಳಿಯಬೇಕು. ಆಗ ತಮ್ಮ ಕಚೇರಿಗೆ ಫೋನುಗಳೂ ನೂರ ಹನ್ನೆರಡು ಬರುತ್ತವೆ.

ಆ ಒಂಬತ್ತು ಕಿಲೋಮೀಟರು ಹೇಗಿದೆ ಎಂದು ಹೇಳಿಬಿಡುತ್ತೇನೆ. ರಸ್ತೆಯ ಅಂಚು ತೋರಿಸುವ ಕಂಬಗಳು ತಮ್ಮ ಕಡತದಲ್ಲಿ ಇರಬಹುದು, ನೆಲದಲ್ಲಿಲ್ಲ. ಇರುವುದು ಶಿಲುಬೆಗಳು. ನಮ್ಮಲ್ಲಿ ಯಾರಾದರೂ ರಸ್ತೆಯಿಂದ ಬಿದ್ದು ಸತ್ತರೆ ಬಿದ್ದ ಜಾಗದಲ್ಲಿ ಮನೆಯವರು ಒಂದು ಶಿಲುಬೆ ನೆಡುತ್ತಾರೆ. ಒಟ್ಟು ಹದಿಮೂರು. ಹಿಮ ಬಿದ್ದು ಕಣಿವೆ ಯಾವುದು, ದಾರಿ ಯಾವುದು ತಿಳಿಯದಾದಾಗ ನಾವು ಅವನ್ನು ನೋಡಿಕೊಂಡು ಗಾಡಿ ಓಡಿಸುತ್ತೇವೆ: ಶಿಲುಬೆಯ ಒಳಗಡೆ ರಸ್ತೆ, ಹೊರಗಡೆ ಏನೂ ಇಲ್ಲ. ತಮ್ಮ ಇಲಾಖೆಯ ಕೆಲಸವನ್ನು ನಮ್ಮ ಸತ್ತವರು ಸಂಬಳವಿಲ್ಲದೆ ಮಾಡುತ್ತಿದ್ದಾರೆ. ಸಾಲದಿದ್ದರೆ ಇನ್ನಷ್ಟು ಜನ ಸಾಯಬೇಕೇ?

ತಾವು ಉಪ್ಪು ಮರಳು ಹಾಕದ ಕಾರಣ ನಾವು ಬೂದಿ ಹಾಕುತ್ತೇವೆ. ಇದು ಅಜ್ಜಂದಿರ ಕಾಲದ ಪದ್ಧತಿ. ಪ್ರತಿ ಮನೆಯವರೂ ಒಲೆಯ ಬೂದಿಯನ್ನು ತಗಡಿನ ಬಕೀಟಿನಲ್ಲಿ ಆರಿಸಿಟ್ಟು, ಶನಿವಾರ ಬೆಳಿಗ್ಗೆ ತಮ್ಮ ಪಾಲಿನ ತಿರುವಿಗೆ ಸುರಿದು ಬರುತ್ತಾರೆ. ಯಾವ ತಿರುವು ಯಾರದು ಎಂದು ಯಾವ ಕಾಗದದಲ್ಲೂ ಇಲ್ಲ, ಆದರೂ ಯಾರೂ ತಪ್ಪಿಸುವುದಿಲ್ಲ. ಕಾಗದದಲ್ಲಿ ಇಲ್ಲದ್ದರಿಂದಲೇ ನಡೆಯುತ್ತಿದೆಯೋ ಏನೋ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು, ಬಚ್ಚಿಟ್ಟರೆ ಲೆಕ್ಕ ಕೂಡುವುದಿಲ್ಲ. ಕಳೆದ ಶನಿವಾರ ಸಾವೇತಾಳನ್ನೂ ಹಾಲಿನ ಡೈರಿಯ ಇಬ್ಬರು ಕೆಲಸಗಾರರನ್ನೂ ಕೂರಿಸಿಕೊಂಡು ಇಳಿಯುತ್ತಿದ್ದೆ. ಚಳಿಗಾಲದ ಟೈರು ಇದ್ದವು, ಹಿಂದಿನ ಚಕ್ರಗಳಿಗೆ ಸರಪಳಿಯೂ ಇತ್ತು. ಗಿರಣಿ ತಿರುವಿನಲ್ಲಿ ಮುಂದಿನ ಎಡಚಕ್ರದ ಗಾಳಿ ಹೋಯಿತು, ವ್ಯಾನು ನನ್ನ ಕೈ ಬಿಟ್ಟು ಕಣಿವೆಯ ಕಡೆ ನಡೆಯಿತು. ಕಬ್ಬಿಣದ ಒಂದು ಶಿಲುಬೆ ಬಾಗಿಲಿಗೆ ತಗುಲಿ ಹಿಡಿಯಿತು. ಸಾವೇತಾ ಕೂತಿದ್ದು ಅದೇ ಬದಿಯ ಕಿಟಕಿಯಲ್ಲಿ. ಅವಳು ಕೆಳಗೆ ನೋಡಿದಳು, ಆಮೇಲೆ ಹಿಂದೆ ಕೂತ ಇಬ್ಬರನ್ನು ನೋಡಿದಳು.

ಬೇರೆ ಚಕ್ರ ಹಾಕಿ ಹೇಗೋ ಆಸ್ಪತ್ರೆ ಮುಟ್ಟಿದೆವು. ಬಿಚ್ಚಿದ ಟೈರಿನಲ್ಲಿ ಸಿಕ್ಕಿದ್ದು ಸುಟ್ಟು ಕಪ್ಪಾದ ಮೊಳೆ. ಗಿರಣಿ ತಿರುವಿಗೆ ಬೂದಿ ಹಾಕುವವರು ಎರಡೇ ಮನೆಯವರು: ನಾನು ಮತ್ತು ಎಂಬತ್ತರ ಗ್ಲಿಕೇರಿಯಾ ಅಜ್ಜಿ. ಅಜ್ಜಿ ತನ್ನ ಹಳೇ ಕೊಟ್ಟಿಗೆಯ ಹಲಗೆ ಉರಿಸುತ್ತಿದ್ದಳು. ಸಂಜೆ ನೇರ ಅವಳ ಮನೆಗೇ ಹೋದೆ.

"ಅಜ್ಜಿ, ಬೂದಿ ಸುರಿಯೋ ಮುಂಚೆ ಜರಡಿ ಹಿಡೀಬಾರದಾ?"

"ಬೂದಿಗೆ ಜರಡಿನಾ? ರೊಟ್ಟಿ ತಟ್ಟೋಕಿತ್ತೇನೋ?" ಎಂದು ಮೊಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನಮ್ಮ ಕೊಟ್ಟಿಗೆ ಮೊಳೆ ಚೌಕ ಕಣೋ, ನಮ್ಮಪ್ಪ ಕುಲುಮೇಲಿ ಬಡಿದಿದ್ದು. ಇದು ದುಂಡಗಿದೆ. ನಿನ್ನ ಅಂಗಡಿ ಸಾಮಾನು ಪೆಟ್ಟಿಗೆದು. ಈ ಸಲ ಪೆಟ್ಟಿಗೆ ಉರಿಸ್ತಿದ್ದೀಯಲ್ಲ, ಸೌದೆ ಉಳಿಸೋಕೆ?"

ಹೌದು, ಉರಿಸುತ್ತಿದ್ದೆ. ಬೀನ್ಸ್ ಕಾಳನ್ನೂ ಎಣಿಸುವವನು ಎಂದು ಊರು ನನ್ನನ್ನು ನೋಡಿ ನಗುತ್ತದೆ, ಮೊಳೆ ಎಣಿಸಲಿಲ್ಲ. ಹೆಂಡತಿಯನ್ನು ಉಳಿಸಲೆಂದು ಸುರಿದ ಬೂದಿಯೇ ಅವಳನ್ನು ಕಣಿವೆಯ ಅಂಚಿಗೆ ತಂದಿತ್ತು. ಈ ತಪ್ಪಿನ ಶಿಕ್ಷೆ ನನಗಿರಲಿ. ಆದರೆ ದಿನಸಿ ಅಂಗಡಿಯವನು ಬೂದಿ ಹೊತ್ತು ಸರ್ಕಾರದ ರಸ್ತೆ ಕಾಯಬೇಕಾಗಿ ಬಂದದ್ದು ಯಾರ ತಪ್ಪು?

ತಮ್ಮ ಉತ್ತರ ನಿನ್ನೆ ಬಂತು. ಮೂರು ಚಳಿಗಾಲಗಳಲ್ಲಿ ನಾನು ಬರೆದ ಎಂಟು ಅರ್ಜಿಗಳಿಗೆ ಬಂದ ಮೊದಲ ಉತ್ತರವಾದ್ದರಿಂದ ಕೈತೊಳೆದುಕೊಂಡು ಬಿಚ್ಚಿದೆ. ಸಾರ್ವಜನಿಕ ರಸ್ತೆಗೆ ಬೂದಿ ಸುರಿದು ಮಲಿನಗೊಳಿಸಿದ್ದಕ್ಕೆ ದಂಡದ ನೋಟೀಸು. ಸ್ಥಳ: ಇಪ್ಪತ್ತೊಂದನೇ ಕಿಲೋಮೀಟರು, ಅದೇ ಗಿರಣಿ ತಿರುವು. ಅಂದರೆ ಆ ಕಿಲೋಮೀಟರು ಇರುವುದು ತಮಗೆ ಗೊತ್ತಿದೆ! ಹಿಮಕ್ಕೆ ಕಾಣದ ರಸ್ತೆ ದಂಡಕ್ಕೆ ಕಾಣುತ್ತದೆ.

ಇಂದು ಬೆಳಿಗ್ಗೆ ಆರಕ್ಕೆ ವ್ಯಾನು ಚಾಲೂ ಮಾಡಿ ಅವಳನ್ನು ಕರೆಯಲು ಒಳಗೆ ಹೋದೆ. ಅವಳು ಕೋಟು ಹಾಕಿರಲಿಲ್ಲ.

"ಇಂಜಿನ್ ಆಫ್ ಮಾಡು ಸೆವರಿನ್. ನಾನು ಬರಲ್ಲ."

"ಹುಚ್ಚು ಹಿಡೀತಾ ನಿಂಗೆ?"

"ನನ್ನೊಬ್ಬಳ ರಕ್ತ ತೊಳೆಸೋಕೆ ಮೂರು ಜನರ ರಕ್ತ ಚೆಲ್ಲಬೇಕಾ? ಆ ಹುಡುಗಿಗೆ ಎರಡು ಮಕ್ಕಳಿವೆ, ಹಿಂದೆ ಕೂತಿದ್ಲಲ್ಲ ಡೈರಿಯವಳು."

"ಇವತ್ತು ಯಾರನ್ನೂ ಹತ್ತಿಸಿಕೊಳ್ಳಲ್ಲ. ನಾವಿಬ್ಬರೇ."

"ನೀನು ಜನ ಅಲ್ವಾ?"

ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಮಾತಿಗೆ ಸೋತವನಲ್ಲ ನಾನು. ಬೈದೆ, ಬೇಡಿದೆ, ಪಾದ್ರಿಯನ್ನು ಕರೆಸುತ್ತೇನೆ ಎಂದೆ. ಕರೆಸು, ಅವರೂ ಈ ರಸ್ತೆಯಲ್ಲೇ ಬರಬೇಕು ಎಂದಳು. ಕೊನೆಗೆ, ಲಾರಿ ಬಂದು ರಸ್ತೆ ಬಿಡಿಸಿದರೆ, ಎಂದು ಕೇಳಿದೆ.

"ಬಿಡಿಸಿದ್ರೆ ಬರ್ತೀನಪ್ಪ. ಸಾಯೋಕೆ ನನಗೇನು ಅವಸರವಾ?"

ಶನಿವಾರದಿಂದ ಅವಳ ಮೈಯಲ್ಲಿ ಎರಡೂವರೆ ಕಿಲೋ ನೀರು ಸೇರಿದೆ. ಅಕ್ಕಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದ್ದೇನೆ. ಊದಿದ ಕಣಕಾಲನ್ನು ಹೆಬ್ಬೆರಳಲ್ಲಿ ಒತ್ತಿದರೆ ಬಿದ್ದ ಗುಳಿ ಬಹಳ ಹೊತ್ತು ಏಳುವುದಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, "ಒಂದು ತಪ್ಪಿದ್ರೆ ಹೇಗೋ ನೋಡೋಣ, ಎರಡು ತಪ್ಪಿದ್ರೆ ನನ್ನನ್ನ ಏನೂ ಕೇಳಬೇಡಿ" ಎಂದರು.

ಆದ್ದರಿಂದ ಮಾನ್ಯರೇ, ಕ್ಷಮೆ ಬೇಡ, ಸಮಿತಿ ಬೇಡ, ಸ್ಥಳ ಪರಿಶೀಲನೆ ಬೇಡ. ದಂಡವನ್ನು ಎರಡರಷ್ಟು ಮಾಡಿ, ಕಟ್ಟುತ್ತೇನೆ. ಗುರುವಾರ ಬೆಳಿಗ್ಗೆ ಆರರೊಳಗೆ ನಿಕೋಡಿಮ್‌ನ ಲಾರಿ ಒಂಬತ್ತು ಕಿಲೋಮೀಟರು ಹೆಚ್ಚಿಗೆ ಬರಲಿ. ಆ ಪೆಟ್ಟಿಗೆ ಬಡಿದುಕೊಂಡರೆ ಒಂದು ಬೆಳಿಗ್ಗೆ ಬಡಿದುಕೊಳ್ಳಲಿ. ಅದರ ನಂತರ ವಾರಕ್ಕೆ ಮೂರು ದಿನ, ಹಿಮ ಕರಗುವವರೆಗೆ. ಗುರುವಾರ ಕಳಿಸಲಾಗದಿದ್ದರೆ ಶನಿವಾರ ಶ್ರಮ ತೆಗೆದುಕೊಳ್ಳಬೇಡಿ. ನಮ್ಮ ಸ್ಮಶಾನ ಊರೊಳಗೇ ಇದೆ, ಇಗರ್ಜಿಯ ಹಿಂದೆ. ಅಲ್ಲಿಯವರೆಗಿನ ದಾರಿಯನ್ನು ನಾವು ಸಲಿಕೆಯಲ್ಲೇ ಬಿಡಿಸಿಕೊಳ್ಳುತ್ತೇವೆ.

ಇಂತಿ,
ಗುರುವಾರ ನಸುಕಿನಿಂದಲೇ ಕಿಟಕಿಗೆ ಕಿವಿಗೊಟ್ಟು ನಿಂತಿರಲಿರುವ,
ಸೆವರಿನ್ ಮೊಗೋಷ್,
ಸಾವೇತಾಳ ಗಂಡ, ಸದ್ಯಕ್ಕೆ